ದೇವರಾದ ಬೈಗುಳ, ಬೈಗುಳವಾದ ಹೆಸರು

ಕಾರವಾರದ ಕೋಡಿಬಾಗದಲ್ಲಿ ಖಾಪ್ರಿ ದೇವರ ಗುಡಿಯಿದೆ. ಹರಕೆ ಹೊತ್ತವರು ಅಲ್ಲಿ ಬೀಡಿ, ಮೇಣದಬತ್ತಿ, ಸಾರಾಯಿ ಒಪ್ಪಿಸುತ್ತಾರೆ. ಆಫ್ರಿಕಾದಿಂದ ಬಂದವನೊಬ್ಬ ಇಲ್ಲಿ ದೈವವಾಗಿ ನಿಂತ ಎಂಬುದು ಜನರ ನಂಬಿಕೆ. ಕೊಂಕಣಿಯಲ್ಲಿ ‘ಖಾಪ್ರಿ’ ಎಂದರೇ ಆಫ್ರಿಕಾದವನು. ಅರಬ್ಬರ ‘ಕಾಫಿರ್’, ಅಂದರೆ ತಮ್ಮ ಧರ್ಮವನ್ನು ನಂಬದವನು, ಪೋರ್ಚುಗೀಸರ ಬಾಯಲ್ಲಿ ‘ಕಾಫ್ರೆ’ಯಾಗಿ ಗೋವೆಗೆ ಬಂದಿಳಿದು, ಕೊಂಕಣಿಗರ ನಾಲಿಗೆಯ ಮೇಲೆ ಖಾಪ್ರಿಯಾಯಿತು. ಕಾರವಾರದಲ್ಲಿ ಅದಕ್ಕೆ ಕೈಮುಗಿಯುತ್ತಾರೆ.

ಇದೇ ಶಬ್ದ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರು ಕರಿಯರ ಮುಖಕ್ಕೆ ಉಗಿಯುವ ಶಬ್ದವಾಯಿತು. 2018ರಲ್ಲಿ ಅಲ್ಲಿನ ನ್ಯಾಯಾಲಯ, ಕಪ್ಪು ಪೊಲೀಸರನ್ನು ಈ ಶಬ್ದದಿಂದ ಮತ್ತೆ ಮತ್ತೆ ಬೈದ ಮಹಿಳೆಯೊಬ್ಬಳಿಗೆ ಜೈಲು ಶಿಕ್ಷೆ ವಿಧಿಸಿತು. ಇತ್ತ ಶ್ರೀಲಂಕಾದ ಪುತ್ತಳಂ ಕಡೆ ಆಫ್ರಿಕಾ ಮೂಲದ ಪುಟ್ಟ ಸಮುದಾಯವೊಂದಿದೆ. ಅವರು ತಮ್ಮನ್ನು ತಾವು ಕರೆದುಕೊಳ್ಳುವುದೇ ‘ಕಾಫಿರ್’ ಎಂದು. ಒಂದೇ ಬೇರಿನ ಶಬ್ದ, ಒಂದು ದಂಡೆಯಲ್ಲಿ ದೇವರು, ಒಂದು ದಂಡೆಯಲ್ಲಿ ಅಪರಾಧ, ಇನ್ನೊಂದರಲ್ಲಿ ಮನೆತನದ ಗುರುತು.

ಜನರನ್ನು ಬಣ್ಣ, ಮೈಕಟ್ಟು, ಹುಟ್ಟಿನ ಮೇಲಿಂದ ಕರೆಯುವ ಶಬ್ದಗಳ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ವಾದ ತಪ್ಪದೆ ಎದ್ದೇಳುತ್ತದೆ: “ಅದರ ಮೂಲ ಅರ್ಥ ಛಲೋ ಐತ್ರಿ, ಅದಕ್ಯಾಕ ಸಿಟ್ಟು?” ಶಬ್ದದ ಮೂಲ ಹುಡುಕಿದರೆ ಅದರ ಯೋಗ್ಯತೆ ತೀರ್ಮಾನವಾಗುತ್ತದೆ ಎಂಬ ಈ ನಂಬಿಕೆ ಎಷ್ಟು ಗಟ್ಟಿ ಎಂದು ನೋಡಲು ದೂರ ಹೋಗಬೇಕಿಲ್ಲ. ಕಾರವಾರದಿಂದ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ-ಧಾರವಾಡ ಸೇರುವ ರಸ್ತೆ ಸಾಕು. ಆ ದಾರಿಯುದ್ದಕ್ಕೂ ಇಂಥ ಶಬ್ದಗಳೇ ಬಿದ್ದಿವೆ.

ಘಟ್ಟದ ಮೇಲಿನ ಸಿದ್ದಿಗಳು

ಘಟ್ಟ ಹತ್ತಿದರೆ ಸಿದ್ದಿಗಳ ಸೀಮೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಿನಂಚಿನಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿ ಮತ್ತು ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಗಳಲ್ಲಿ ಇವರು ನೆಲೆಸಿದ್ದಾರೆ. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ, ಸಿಪಾಯಿಗಳಾಗಿ ಬಂದವರ ಸಂತತಿ. ಗೋವೆಯ ಪೋರ್ಚುಗೀಸ್ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರಲ್ಲಿ ಬಹಳ. ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರೂ ಧರ್ಮದವರು ಇವರೊಳಗಿದ್ದಾರೆ. ಮನೆಯೊಳಗೆ ಕೊಂಕಣಿ, ಸಂತೆಯಲ್ಲಿ ಕನ್ನಡ.

‘ಸಿದ್ದಿ’ ಎಂಬ ಹೆಸರಿನ ಬೇರು ಅರಬ್ಬಿಯ ‘ಸಯ್ಯಿದಿ’ ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅದರ ಅರ್ಥ ‘ನನ್ನ ಒಡೆಯ’. ಸಿದ್ಧಾರೂಢರ ಊರಾದ ಹುಬ್ಬಳ್ಳಿಯವರಾದ ನಮಗೆ ‘ಸಿದ್ಧ’ ಎಂದ ಕೂಡಲೇ ಮಠದ ಗಂಟೆ ಕೇಳುತ್ತದೆ. ಆದರೆ ಈ ಸಿದ್ದಿಗೂ ಆ ಸಿದ್ಧಿಗೂ ನಂಟಿಲ್ಲ. ಇನ್ನೊಂದು ಹಳೆಯ ಹೆಸರು ‘ಹಬಶಿ’. ಅದು ‘ಹಬಶ್’, ಅಂದರೆ ಅಬಿಸೀನಿಯಾ, ಇಂದಿನ ಇಥಿಯೋಪಿಯಾ ಸೀಮೆಯ ಅರಬ್ಬಿ ಹೆಸರಿನಿಂದ ಬಂದದ್ದು. ಶುದ್ಧ ಊರ ಹೆಸರು, ಹುಬ್ಬಳ್ಳಿಯವ ಎಂದಂತೆ.

ಎರಡೂ ಹೆಸರಿಗೆ ದಖ್ಖನಿನಲ್ಲಿ ಒಂದು ಕಾಲಕ್ಕೆ ತೂಕವಿತ್ತು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದನಗರದ ಆಳ್ವಿಕೆಯ ಸೂತ್ರ ಹಿಡಿದು 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಹಬಶಿ. ವಿಜಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹನ ದರ್ಬಾರಿನಲ್ಲಿ ದೊಡ್ಡ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಹಬಶಿ. 1660ರಲ್ಲಿ ಪನ್ಹಾಳಾ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ ದಂಡಿನ ಮುಖ್ಯಸ್ಥ ಸಿದ್ದಿ ಜೌಹರ್. ಅಂಥ ಹೆಸರು ಮುಂದೆ ಗುಂಗುರುಗೂದಲಿನ ಹುಡುಗನ ಹಿಂದೆ ಓಡುವ ಪೋರರ ಕೂಗಾಯಿತು. ಶಬ್ದ ಅದೇ ಇತ್ತು. ಅದನ್ನು ಹೊತ್ತವರ ಕೈಯಿಂದ ಕತ್ತಿ ಹೋಗಿ ಕೊಡಲಿ ಬಂದಿತ್ತು, ಅಷ್ಟೇ ವ್ಯತ್ಯಾಸ.

ಕೆಲವು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಕಾಲೇಜು ಹುಡುಗಿ ಬಂದು ಕೂತಳು. ಪಕ್ಕದಲ್ಲಿ ರುಮಾಲಿನ ಅಜ್ಜ. ಆತ ಅವಳನ್ನು ಒಂದು ಗಳಿಗೆ ನೋಡಿ, “ಯಾವ ದೇಶದಾಕಿ ಬೇ ನೀ?” ಎಂದ. ದನಿಯಲ್ಲಿ ಕುಹಕವಿರಲಿಲ್ಲ, ಬರೀ ಕುತೂಹಲ. ಹುಡುಗಿ ಮೊಬೈಲಿನಿಂದ ತಲೆಯೆತ್ತದೆ, “ಕಲಘಟಗಿ ತಾಲೂಕಿನಾಕಿ ಅದೇನ್ರಿ ಯಜ್ಜಾ. ಚೀಲಾ ಈಕಡೆ ತುಸು ಸರಸ್ರಿ, ಕಾಲ ಸಿಗವಲ್ಲವು” ಎಂದಳು. ಅಜ್ಜ ಚೀಲ ಸರಿಸಿದ. ಮಿಶ್ರೀಕೋಟಿ ಕ್ರಾಸ್ ಬರುವ ಹೊತ್ತಿಗೆ ಇಬ್ಬರೂ ಗೋವಿನಜೋಳದ ರೇಟಿನ ಮಾತಿಗಿಳಿದಿದ್ದರು. ಆ ಪ್ರಶ್ನೆಯನ್ನು ಆಕೆ ಎಷ್ಟನೆಯ ಸಲ ಕೇಳಿದ್ದಳೋ. ಉತ್ತರ ಮಾತ್ರ ಸವೆದ ನಾಣ್ಯದಂತೆ ನುಣುಪಾಗಿತ್ತು.

‘ಸಿದ್ದಿ’ ಎಂಬ ಹೆಸರನ್ನು ಸಿದ್ದಿಗಳು ಕೈಬಿಡಲಿಲ್ಲ, ಎತ್ತಿಹಿಡಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು ಇದೇ ಹೆಸರಿನಲ್ಲಿ. ಜಿಲ್ಲೆಯ ಗಡಿಯಾಚೆ ಇದ್ದ ಧಾರವಾಡ, ಬೆಳಗಾವಿಯ ಸಿದ್ದಿಗಳು ಅದೇ ರಕ್ತ, ಅದೇ ಡಮಾಮಿ ಕುಣಿತ ಇದ್ದೂ ಹೊರಗುಳಿದರು. 2020ರಲ್ಲಿ ಕಾನೂನು ತಿದ್ದಿದ ಮೇಲೆ ಅವರೂ ಒಳಬಂದರು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಟ ಪ್ರಶಾಂತ್ ಸಿದ್ದಿ ಸಿನಿಮಾ ತೆರೆಯ ಮೇಲೆ ಅಡ್ಡಹೆಸರಾಗಿ ಸಮುದಾಯದ ಹೆಸರನ್ನೇ ಹೊತ್ತರು. ಮೂಲ ಅರ್ಥ ಒಡೆಯನೋ ಅಲ್ಲವೋ, ಹೆಸರಿಗೆ ಮರ್ಯಾದೆ ಮರಳಿದ್ದು ಅದನ್ನು ಹೊತ್ತವರಿಂದ.

ಹುಬ್ಬಳ್ಳಿಯ ಸೆಟ್ಲಮೆಂಟ್

ಹುಬ್ಬಳ್ಳಿಯಲ್ಲಿ ಆಟೋದವನಿಗೆ ‘ಸೆಟ್ಲಮೆಂಟ್’ ಎಂದರೆ ಸಾಕು, ಮರುಮಾತಿಲ್ಲದೆ ಹೊರಡುತ್ತಾನೆ. ಅದೊಂದು ಬಡಾವಣೆಯ ಹೆಸರು. ಆ ಹೆಸರಿನ ಹಿಂದೆ ತಂತಿಬೇಲಿ ಇತ್ತು, ದಿನದ ಹಾಜರಿ ಇತ್ತು ಎಂಬುದು ಇಂದಿನ ಎಷ್ಟೋ ಹುಬ್ಬಳ್ಳಿಯವರಿಗೆ ಮರೆತಿದೆ.

1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ಗಳ ಕಾಯ್ದೆ ತಂದಿತು. 1911ರ ತಿದ್ದುಪಡಿಯಿಂದ ಅದು ಮುಂಬಯಿ ಪ್ರಾಂತಕ್ಕೂ, ಅಂದರೆ ನಮ್ಮ ಧಾರವಾಡ ಜಿಲ್ಲೆಗೂ ಬಂತು. ಕೆಲವು ಜಾತಿಗಳಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಕಳ್ಳರು ಎಂಬುದು ಅದರ ಒಳತಿರುಳು. ಅಪರಾಧ ಮಾಡಿದವನನ್ನು ಹಿಡಿಯುವ ಬದಲು ಕುಲವನ್ನೇ ಹಿಡಿದು ನೋಂದಾಯಿಸುವುದು, ಬೆರಳಚ್ಚು ತೆಗೆಯುವುದು, ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿ ಗಿರಣಿ ಮುಂತಾದ ಕಡೆ ದುಡಿಸುವುದು ಅದರ ಕ್ರಮ. ವಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಇಂಥ ವಸಾಹತುಗಳೆದ್ದವು. ಕೊರವರು, ಹರಣಶಿಕಾರಿಗಳು, ಪಾರ್ಧಿಗಳು, ಗಂಟಿಚೋರರು ಬೇಲಿಯೊಳಗಾದರು. ಜನಾಂಗ ಸಿದ್ಧಾಂತ ಎಂದರೆ ಅಮೆರಿಕ, ಜರ್ಮನಿಯ ಮಾತು ಎಂದುಕೊಂಡವರು ಒಮ್ಮೆ ಇಲ್ಲಿ ನಿಂತು ನೋಡಬೇಕು. ಗುಣವೂ ಅವಗುಣವೂ ರಕ್ತದಲ್ಲೇ ಹರಿದುಬರುತ್ತದೆ ಎಂಬ ಆ ಸಿದ್ಧಾಂತ ನಮ್ಮೂರಿನಲ್ಲಿ ಕಾನೂನಾಗಿ ಕೂತಿತ್ತು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಈ ಸಮುದಾಯಗಳಿಗೆ ‘ವಿಮುಕ್ತ’ ಎಂಬ ಹೊಸ ಹೆಸರು ಬಂತು. ಆದರೆ ‘ವಿಮುಕ್ತ’ ಎನ್ನುವಾಗಲೇ ‘ಯಾವುದರಿಂದ?’ ಎಂಬ ಪ್ರಶ್ನೆ ಹುಟ್ಟಿ, ಹಳೆಯ ಹೆಸರು ಹಿಂಬಾಗಿಲಿನಿಂದ ಒಳಬರುತ್ತದೆ. ಗಂಟಿಚೋರರದು ಇನ್ನೂ ಇಕ್ಕಟ್ಟು. ಹೆಸರಿನಲ್ಲೇ ‘ಚೋರ’ ಇದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದು ಹಾಗೆಯೇ ಅಚ್ಚಾಗಿದೆ. ಶಾಲೆಗೆ ಸೇರುವ ಹುಡುಗಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ ಜಾತಿ ಪ್ರಮಾಣಪತ್ರದಲ್ಲಿ ತಾನು ಕಳ್ಳರ ಕುಲದವಳು ಎಂದು ಸರ್ಕಾರದ ಮುದ್ರೆ ಒತ್ತಿಸಿಕೊಳ್ಳಬೇಕು. ಹೆಸರು ಬಿಟ್ಟರೆ ಸವಲತ್ತು ಹೋದೀತು, ಸವಲತ್ತು ಬೇಕೆಂದರೆ ಹೆಸರು ಹೊರಬೇಕು.

ಧಾರವಾಡದ ಪಾಠ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಂದರೆ ಶಬ್ದಗಳಿಗೆ ಪದವಿ ಸಿಗುತ್ತದೆ. ಸಪ್ತಾಪುರದ ಓಣಿಗಳಲ್ಲಿ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರ ನೋಟುಗಳಲ್ಲಿ ‘ನೆಗ್ರಿಟೊ, ಪ್ರೋಟೋ ಆಸ್ಟ್ರಲಾಯ್ಡ್, ಮಂಗೋಲಾಯ್ಡ್, ಮೆಡಿಟರೇನಿಯನ್, ನಾರ್ಡಿಕ್’ ಎಂಬ ಸಾಲು ಇಂದಿಗೂ ಕಾಣುತ್ತದೆ. ಬಿ.ಎಸ್. ಗುಹಾ 1931ರ ಜನಗಣತಿಗಾಗಿ ಮಾಡಿದ ವರ್ಗೀಕರಣ ಅದು. ಅದಕ್ಕೂ ಮುಂಚೆ 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ, ತಲೆಯ ಉದ್ದ ಅಳೆದು ಭಾರತೀಯರನ್ನು ಏಳು ಮಾದರಿಗಳಲ್ಲಿ ಹಂಚಿದ್ದ. ಮರಾಠರನ್ನೂ ಕೊಡವರನ್ನೂ ಒಟ್ಟಿಗೆ ‘ಸೈಥೋ-ದ್ರಾವಿಡ’ ಎಂಬ ಖಾನೆಗೆ ನೂಕಿದ್ದ. ಈ ಪರಂಪರೆಯ ಮೂಲಪುರುಷರಲ್ಲೊಬ್ಬ ಜರ್ಮನಿಯ ಬ್ಲುಮೆನ್‌ಬಾಖ್. ಕಾಕಸಸ್ ಪರ್ವತ ಸೀಮೆಯ ಜನರೇ ಎಲ್ಲರಿಗಿಂತ ಚೆಲುವರು, ಅವನ ಕೈಗೆ ಬಂದ ಜಾರ್ಜಿಯಾದ ಹೆಂಗಸಿನ ತಲೆಬುರುಡೆಯೇ ಚೆಂದದ್ದು ಎಂಬ ಮೆಚ್ಚುಗೆಯಿಂದ 1795ರಲ್ಲಿ ‘ಕಕೇಶಿಯನ್’ ಎಂಬ ಹೆಸರನ್ನು ನೆಲೆಗೊಳಿಸಿದ. ಇಂದಿಗೂ ವೈದ್ಯಕೀಯ ಬರಹಗಳಲ್ಲಿ ವಿಜ್ಞಾನದ ಗತ್ತಿನಿಂದ ಕೂತಿರುವ ಶಬ್ದದ ತಳದಲ್ಲಿರುವುದು ಒಬ್ಬ ಪ್ರಾಧ್ಯಾಪಕನ ಸೌಂದರ್ಯಪ್ರಜ್ಞೆ.

‘ದ್ರಾವಿಡ’ದ ಕಥೆ ಇನ್ನೂ ಸ್ವಾರಸ್ಯ. ಹಳೆಯ ಸಂಪ್ರದಾಯದಲ್ಲಿ ‘ಪಂಚದ್ರಾವಿಡ’ ಎಂದರೆ ವಿಂಧ್ಯದ ತೆಂಕಣ ಬ್ರಾಹ್ಮಣರ ಐದು ಪಂಗಡ. ಕರ್ನಾಟಕ, ಆಂಧ್ರದವರ ಜೊತೆ ಮಹಾರಾಷ್ಟ್ರ, ಗುಜರಾತಿನವರೂ ಅದರಲ್ಲಿದ್ದರು. ಅಲ್ಲಿ ಅದು ಸೀಮೆಯ ಗುರುತು. 1816ರಲ್ಲಿ ಎಫ್.ಡಬ್ಲ್ಯು. ಎಲ್ಲಿಸ್ ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲ, ಬೇರೆಯೇ ಕುಟುಂಬ ಎಂದು ತೋರಿಸಿದ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಆ ಕುಟುಂಬಕ್ಕೆ ಸಂಸ್ಕೃತ ಗ್ರಂಥಗಳಿಂದಲೇ ಎತ್ತಿಕೊಂಡ ‘ದ್ರಾವಿಡ’ ಎಂಬ ಹೆಸರಿಟ್ಟ. 1853ರಲ್ಲಿ ಧಾರವಾಡಕ್ಕೆ ಬಂದ ಕಿಟೆಲ್ ತನ್ನ 1894ರ ನಿಘಂಟಿನ ಮುನ್ನುಡಿಯಲ್ಲಿ ಸಂಸ್ಕೃತದೊಳಗೆ ಹೊಕ್ಕ ದ್ರಾವಿಡ ಶಬ್ದಗಳ ಪಟ್ಟಿ ಕೊಟ್ಟ. ಇಲ್ಲಿಯವರೆಗೆ ಎಲ್ಲ ಶಬ್ದದ ಲೆಕ್ಕ. ಅದನ್ನು ಮೂಗಿನ ಲೆಕ್ಕಕ್ಕೆ ಜೋಡಿಸಿದಾಗ ‘ಆರ್ಯ ಜನಾಂಗ’, ‘ದ್ರಾವಿಡ ಜನಾಂಗ’ಗಳು ಹುಟ್ಟಿದವು. ‘ಆರ್ಯ’ ಶಬ್ದಕ್ಕೆ ಯುರೋಪಿನಲ್ಲಿ ಚಲಾವಣೆ ತಂದುಕೊಟ್ಟ ಮ್ಯಾಕ್ಸ್ ಮುಲ್ಲರನೇ 1888ರಲ್ಲಿ ತಲೆಹಿಡಿದುಕೊಂಡು ಎಚ್ಚರಿಸಿದ: ತಾನು ಆರ್ಯ ಎಂದದ್ದು ಭಾಷೆಗೆ, ರಕ್ತಕ್ಕಲ್ಲ, ತಲೆಬುರುಡೆಗಲ್ಲ. ಆ ಮಾತಿಗೆ ಕಿವಿಗೊಟ್ಟವರು ಕಡಿಮೆ. ಮುಂದೆ ಆ ಶಬ್ದ ಹಿಟ್ಲರನ ಕೈ ಸೇರಿತು. 1950ರಲ್ಲಿ ಯುನೆಸ್ಕೊ ಕರೆಸಿದ ವಿದ್ವಾಂಸರು ಜನಾಂಗ ಎಂಬುದು ಜೀವಶಾಸ್ತ್ರದ ಸತ್ಯಕ್ಕಿಂತ ಸಮಾಜ ಕಟ್ಟಿಕೊಂಡ ಕಥೆಯೇ ಹೆಚ್ಚು ಎಂದರು. ಸಪ್ತಾಪುರದ ನೋಟುಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ನಮ್ಮ ಕನ್ನಡದಲ್ಲಂತೂ ಗೋಜಲು ಶಬ್ದದಲ್ಲೇ ಇದೆ. ‘ರೇಸ್’ ಎಂಬುದಕ್ಕೆ ನಾವು ‘ಜನಾಂಗ’ ಎನ್ನುತ್ತೇವೆ. ಆದರೆ ಚುನಾವಣೆ ಬಂತೆಂದರೆ ಲಿಂಗಾಯತ ಜನಾಂಗ, ಕುರುಬ ಜನಾಂಗ ಎಂದೂ ಬರೆಯುತ್ತೇವೆ. ಹುಬ್ಬಳ್ಳಿಯಲ್ಲಿ “ನಿಮ್ದು ಯಾವ ಸಮಾಜರಿ?” ಎಂದರೆ ಯಾವ ಜಾತಿ ಎಂದರ್ಥ. ‘ವರ್ಣ’ ಒಂದೇ ಉಸಿರಿನಲ್ಲಿ ಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಜಾತಿಯ ಗುರುತನ್ನು ಇಷ್ಟು ನಾಜೂಕಾಗಿ ಮುಚ್ಚುವ ಭಾಷೆಗೆ, ಜನಾಂಗದ ಪ್ರಶ್ನೆ ಬಂದಾಗ ಅದು ಯಾರದೋ ಪರದೇಶಿಯ ತಂಟೆ ಎಂದು ಅನಿಸುವುದು ಸಹಜವೇ.

ಕೊಟ್ಟ ಹೆಸರು, ಇಟ್ಟುಕೊಂಡ ಹೆಸರು

ಮೂಲ ಒಳ್ಳೆಯದಿದ್ದರೆ ಸಾಕು ಎಂಬ ವಾದಕ್ಕೆ ದೊಡ್ಡ ಪರೀಕ್ಷೆ ನಡೆದದ್ದು ‘ಹರಿಜನ’ ಶಬ್ದದಲ್ಲಿ. ಗಾಂಧೀಜಿ 1932ರಿಂದ ಅದನ್ನು ಬಳಕೆಗೆ ತಂದರು, 1933ರಲ್ಲಿ ಅದೇ ಹೆಸರಿನ ಪತ್ರಿಕೆ ಹೊರಡಿಸಿದರು. ಹರಿಯ ಜನ. ಇದಕ್ಕಿಂತ ಚೆಂದದ ಮೂಲಾರ್ಥ ಯಾವ ಶಬ್ದಕ್ಕಿದೆ? ಆದರೂ 1938ರ ಜನವರಿಯಲ್ಲಿ, ನಮ್ಮ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ, ಮಸೂದೆಯೊಂದರೊಳಗೆ ಈ ಹೆಸರು ಸೇರಿದಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಹೆಸರು ಹೊರಬೇಕಾದವರನ್ನು ಕೇಳದೆ ಯಾರೋ ಇಟ್ಟದ್ದು ಎಂಬುದೇ ಆಕ್ಷೇಪದ ತಿರುಳು. ಮುಂದೆ 1982ರಲ್ಲಿ ಕೇಂದ್ರ ಸರ್ಕಾರವೇ ಕಚೇರಿ ವ್ಯವಹಾರದಲ್ಲಿ ಈ ಶಬ್ದ ಬಳಸಬೇಡಿ ಎಂದಿತು.

‘ದಲಿತ’ದ ದಾರಿ ಇದಕ್ಕೆ ತಿರುವುಮುರುವು. ಮೂಲಾರ್ಥ ತುಳಿತಕ್ಕೊಳಗಾದವನು, ಮುರಿದವನು. ಕೇಳಲು ಕಹಿ. ಆದರೆ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್, ಅದೇ ದಶಕದಲ್ಲಿ ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳತ್ವದ ದಲಿತ ಸಂಘರ್ಷ ಸಮಿತಿ ಆ ಶಬ್ದವನ್ನು ಬಾವುಟ ಮಾಡಿಕೊಂಡವು. 2018ರಲ್ಲಿ ಟಿವಿ ವಾಹಿನಿಗಳು ‘ದಲಿತ’ ಬಿಟ್ಟು ‘ಪರಿಶಿಷ್ಟ ಜಾತಿ’ ಎನ್ನಲಿ ಎಂದು ಕೇಂದ್ರದ ವಾರ್ತಾ ಇಲಾಖೆ ಸಲಹೆ ಕೊಟ್ಟಾಗ ವಿರೋಧ ಎದ್ದದ್ದು ಆ ಹೆಸರನ್ನು ಹೊತ್ತವರಿಂದಲೇ. ಕನ್ನಡಕ್ಕೆ ಇದು ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ತಮ್ಮ ಕುಲದ ಹೆಸರು ಅಳಿಸಿಕೊಂಡು ಶರಣರಾಗಲಿಲ್ಲ, ಹೆಸರಿನ ಮುಂದೆ ಇಟ್ಟುಕೊಂಡೇ ಆದರು. 1975ರಲ್ಲಿ ಸಿದ್ದಲಿಂಗಯ್ಯ ತಮ್ಮ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ಆ ಶಬ್ದವನ್ನೇ ಬೇರೊಬ್ಬ ಬೀದಿಯಲ್ಲಿ ಬೈಗುಳವಾಗಿ ಒದರಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. “ಅವರ ಅಂದ್ಕೊಂಡ್ರ ನಡೀತದ, ನಾವ ಅಂದ್ರ ತಪ್ಪೇನು?” ಎಂದು ಕೇಳುವವರಿಗೆ ಮನೆಯ ಉದಾಹರಣೆ ಸಾಕು. ಅವ್ವ ಮಗನಿಗೆ “ಏ ಹುಚ್ಚಾ” ಎನ್ನಬಹುದು. ನೆರೆಯವ ಅಂದರೆ ಜಗಳ.

ಲಂಬಾಣಿಗಳ ತಾಂಡಾದಲ್ಲಿ ಇದರ ಇನ್ನೊಂದು ಮಗ್ಗುಲಿದೆ. ನಾವು ಅವರನ್ನು ಲಮಾಣಿ, ಲಂಬಾಣಿ, ಬಂಜಾರ ಎನ್ನುತ್ತೇವೆ. ಅವರು ತಮ್ಮನ್ನು ‘ಗೋರ್’ ಎಂದುಕೊಳ್ಳುತ್ತಾರೆ. ತಾಂಡಾದ ಹೊರಗಿನ ನಾವೆಲ್ಲ ‘ಕೋರ್’. ಹುಬ್ಬಳ್ಳಿಯ ಎಷ್ಟು ಮಂದಿಗೆ ತಮಗೂ ಒಂದು ಹೀಗೆ ಹೊರಗಿನವರಿಟ್ಟ ಹೆಸರುಂಟು ಎಂದು ಗೊತ್ತು?

ಎರಿ ಹೊಲದ ಬಣ್ಣ

ಬಣ್ಣದ ಶಬ್ದಗಳಲ್ಲಿ ನಮ್ಮದು ವಿಚಿತ್ರ ಲೆಕ್ಕ. ನಮ್ಮಲ್ಲಿ ಬಿಳಿಯ ಮೈಗೆ ‘ಕೆಂಪಗ ಅದಾಳ’ ಎನ್ನುತ್ತೇವೆ, ಬ್ರಿಟಿಷರಿಗೆ ‘ಕೆಂಪು ಮಾರಿಯವರು’ ಎಂದೆವು. ಕರಿಯಪ್ಪ, ಕರೆವ್ವ, ಕಾಳವ್ವ ದೇವರ ಹೆಸರು. ನವಲಗುಂದದ ಎರಿ ಹೊಲ ಕಪ್ಪಾದಷ್ಟೂ ಕಿಮ್ಮತ್ತು ಏರುತ್ತದೆ. ಅದೇ ಹೊಲದ ಒಡೆಯ ಮಗನಿಗೆ ಕನ್ಯೆ ನೋಡಲು ಹೊರಟಾಗ ಮಾತ್ರ ಕಪ್ಪು ಒಂದು ಐಬು.

ಕೃಷಿ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಆಫ್ರಿಕಾದ ವಿದ್ಯಾರ್ಥಿ ಧಾರವಾಡದ ಬೀದಿಯಲ್ಲಿ ನಡೆದರೆ ‘ನೀಗ್ರೋ’ ಎಂಬ ಪಿಸುಮಾತು ಹಿಂದೆ ಬರುತ್ತದೆ. ಸ್ಪ್ಯಾನಿಶ್, ಪೋರ್ಚುಗೀಸ್ ಭಾಷೆಯಲ್ಲಿ ಅದರ ಅರ್ಥ ‘ಕಪ್ಪು’ ಮಾತ್ರ. ಅಮೆರಿಕದಲ್ಲಿ ಗುಲಾಮಗಿರಿಯ ವಾಸನೆ ಅಂಟಿ ಶಬ್ದ ಕೊಳೆಯಿತು, ಅಲ್ಲಿನ ಜನಗಣತಿ ಇಲಾಖೆಯೂ 2013ರಲ್ಲಿ ಅದನ್ನು ಕೈಬಿಡುವುದಾಗಿ ಹೇಳಿತು. ನಮ್ಮ ಹಳೆಯ ಪಠ್ಯಗಳಿಂದ ನಾಲಿಗೆಗೆ ಹತ್ತಿದ ಶಬ್ದ ಇನ್ನೂ ಇಳಿದಿಲ್ಲ. ಈಶಾನ್ಯದ ಹುಡುಗರಿಗೆ ‘ಚಿಂಕಿ’, ಹೋಟೆಲಿನಲ್ಲಿ ದುಡಿಯುವ ಮಣಿಪುರಿಗೂ ‘ನೇಪಾಳಿ’, ರಾತ್ರಿ ಸೀಟಿ ಊದುವ ಯಾರಾದರೂ ‘ಗೂರ್ಖಾ’. ಒಂದು ಜನದ ಹೆಸರು ಕಾವಲು ಕೆಲಸದ ಹೆಸರಾಗಿ, ಅವರಿಗೆ ಬೇರೆ ಕೆಲಸವೇ ಇಲ್ಲವೆಂಬಂತಾಯಿತು. ಶಬ್ದ ಶಬ್ದದಲ್ಲೇ ನಿಲ್ಲುವುದಿಲ್ಲ. 2014ರಲ್ಲಿ ದಿಲ್ಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಕೂದಲು, ಚಹರೆಯ ಮೇಲಿನ ಗೇಲಿಯಿಂದ ಎದ್ದ ಜಗಳ ಅವನ ಸಾವಿನಲ್ಲಿ ಮುಗಿಯಿತು. ಆ ಬಳಿಕ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ ಇಂಥ ನಿಂದನೆ ತಡೆಯಲು ಹೊಸ ಕಾನೂನು ಇಲ್ಲವೇ ಇದ್ದ ಕಾನೂನಿಗೆ ತಿದ್ದುಪಡಿ ಬೇಕೆಂದಿತು. 2016ರಲ್ಲಿ ಬೆಂಗಳೂರಿನಲ್ಲಿ, ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ ಶಬ್ದದೊಳಗಿದ್ದರು.

ಅಳತೆಗೋಲು

ಇಷ್ಟು ದೂರ ಬಂದ ಮೇಲೆ ಮೊದಲಿನ ವಾದ ನಿಲ್ಲುವುದಿಲ್ಲ. ‘ಒಡೆಯ’ ಎಂಬ ಮೂಲದ ಶಬ್ದ ಗೇಲಿಯಾಯಿತು. ‘ಹರಿಯ ಜನ’ ತಿರಸ್ಕೃತವಾಯಿತು. ‘ಮುರಿದವನು’ ಬಾವುಟವಾಯಿತು. ‘ಅನ್ಯಧರ್ಮೀಯ’ ದೇವರಾದ. ಮೂಲದಿಂದ ತಿಳಿಯುವುದು ಶಬ್ದ ನಡೆದುಬಂದ ದಾರಿ. ಅದು ಇಂದು ಯಾರ ಕಾಲು ತುಳಿಯುತ್ತಿದೆ ಎಂಬುದು ಅದರಿಂದ ತಿಳಿಯದು. ‘ನನಗೆ ಕೆಟ್ಟ ಉದ್ದೇಶ ಇರಲಿಲ್ಲ’ ಎಂಬ ಎರಡನೆಯ ವಾದಕ್ಕೆ ತುಸು ಬೆಲೆಯಿದೆ. ಬಸ್ಸಿನ ಅಜ್ಜನನ್ನೂ ಬೀದಿಯ ಪುಂಡನನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೆ ಕೇಳಿಸಿಕೊಂಡವರಿಗೆ ನೋವಾಯಿತೆಂದು ತಿಳಿದ ಮೇಲೂ ಅದೇ ಶಬ್ದ ಹಿಡಿದರೆ ಆ ಬೆಲೆ ಮುಗಿಯಿತು.

ಉಳಿಯುವ ಅಳತೆ ಒಂದೇ: ಆ ಹೆಸರು ಹೊತ್ತವರು ತಮ್ಮನ್ನು ಏನೆಂದು ಕರೆಯಲು ಕೇಳುತ್ತಾರೆ? ಇದೂ ಸಲೀಸಲ್ಲ. ಒಂದೇ ಸಮುದಾಯದೊಳಗೆ ಎರಡು ಅಭಿಪ್ರಾಯ ಇರಬಹುದು. ಮಗಳು ಒಪ್ಪಿದ್ದನ್ನು ಅಜ್ಜಿ ಒಪ್ಪದಿರಬಹುದು. ಇಂದು ಸರಿಯಾದದ್ದು ಇಪ್ಪತ್ತು ವರ್ಷಕ್ಕೆ ಹಳಸಬಹುದು. ಹಾಗಾಗಿ ಒಮ್ಮೆ ಕೇಳಿ ಸುಮ್ಮನಾಗುವಂತಿಲ್ಲ. ಸುದ್ದಿಮನೆಯಲ್ಲಿ ಕೂತವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಈ ಸುದ್ದಿಗೆ ಆ ಗುರುತು ಬೇಕೇ? ಕಳ್ಳತನದ ವರದಿಯಲ್ಲಿ ಆರೋಪಿಯ ಕುಲ ಬರೆದಾಗ 1871ರ ಕಾಯ್ದೆ ಒಂದು ಸಾಲಿನಷ್ಟು ಮತ್ತೆ ಜಾರಿಗೆ ಬರುತ್ತದೆ.

ಕಚೇರಿಯ ಪಟ್ಟಿಯಲ್ಲಿ ಇದ್ದದ್ದನ್ನು ಹೇಗೆ ತಿದ್ದುವುದು ಎಂಬ ಮಾತಿಗೂ ಇದೇ ರಸ್ತೆಯಲ್ಲಿ ಉತ್ತರವಿದೆ. 2020ರಲ್ಲಿ ಸಂಸತ್ತು ಕರ್ನಾಟಕದ ಪಟ್ಟಿಯಲ್ಲಿ ಸಿದ್ದಿಗಳ ಹೆಸರಿನ ಪಕ್ಕದ ಜಿಲ್ಲೆಗಳನ್ನು ತಿದ್ದಿತು, ನಾಯಕ ಸಮುದಾಯದ ಜೊತೆಗೆ ಪರಿವಾರ, ತಳವಾರ ಎಂಬ ಹೆಸರುಗಳನ್ನು ಸೇರಿಸಿತು. ಅಂದರೆ ಆ ಪಟ್ಟಿ ಶಿಲಾಶಾಸನವಲ್ಲ. ಗಂಟಿಚೋರರು ತಮಗೆ ಬೇಕಾದ ಹೆಸರನ್ನು ಸೂಚಿಸಿದರೆ, ಸವಲತ್ತಿಗೆ ಧಕ್ಕೆಯಾಗದಂತೆ ‘ಚೋರ’ನನ್ನು ಅಲ್ಲಿಂದ ತೆಗೆಯುವ ದಾರಿ ಸಂವಿಧಾನದ 341ನೆಯ ವಿಧಿಯಲ್ಲೇ ಇದೆ. ಅಲ್ಲಿಯವರೆಗೆ ಆ ಸಮುದಾಯದ ಹುಡುಗಿ ಪ್ರತಿ ಜೂನಿನಲ್ಲೂ ಅರ್ಜಿಯ ಜಾತಿ ಕಾಲಮ್ಮಿಗೆ ಬಂದು, ಪೆನ್ನು ಒಂದು ಗಳಿಗೆ ನಿಲ್ಲಿಸಿ, ಆ ಶಬ್ದವನ್ನು ತನ್ನ ಕೈಯಾರೆ ಬರೆಯುತ್ತಲೇ ಇರಬೇಕು.